ಒಂಬೈನೂರು ಪೌಂಡಿನ ದೋಣಿ

ಕುಬಟೂರು
2 ಡಿಸೆಂಬರ್ 1957

ಗೋಪಾಲಣ್ಣನಿಗೆ ಶೇಷಪ್ಪನ ನಮಸ್ಕಾರ.

ನಾವಿಬ್ಬರೂ ಬಾಸ್ರಾದಿಂದ ಹಡಗು ಹತ್ತಿ ಬಂದು ಹನ್ನೊಂದು ವರ್ಷವಾಯಿತು. ಅಲ್ಲಿ ಸೈನ್ಯದ ದೋಣಿಗಳಿಗೆ ನಾನು ಹಲಗೆ ಹೊಡೆಯುತ್ತಿದ್ದೆ, ನೀನು ಮೋಟಾರು ಬಿಚ್ಚಿ ಕಟ್ಟುತ್ತಿದ್ದೆ. ಊರಿಗೆ ಬಂದಮೇಲೆ ನನಗೆ ಸಿಕ್ಕಿದ್ದು ನೇಗಿಲು, ತೊಟ್ಟಿಲು, ಬಾಗಿಲು. ನಿನಗೆ ಶಿಕಾರಿಪುರದ ಅಕ್ಕಿ ಗಿರಣಿಗಳ ಎಂಜಿನ್ನು. ಕಲಿತ ವಿದ್ಯೆ ಮಣ್ಣುಪಾಲಾಯಿತು ಅಂತ ಪ್ರತಿ ಸಲ ಸಿಕ್ಕಾಗಲೂ ಹೇಳುತ್ತಿದ್ದೆಯಲ್ಲ, ಈಗ ಕೇಳು.

ವರದಾ ಹೊಳೆಯ ನಮ್ಮ ಕಡವಿಗೆ ಮೋಟಾರು ದೋಣಿ ಬರುತ್ತದೆ. ಕಟ್ಟುವವನು ನಾನು!

ಹೋದ ಮಳೆಗಾಲದಲ್ಲಿ ಹರಿಗೋಲು ಇಪ್ಪತ್ತು ದಿನ ನಿಂತಿತ್ತು. ಆಚೆ ದಂಡೆಯ ಹಳ್ಳಿಯಲ್ಲಿ ಒಬ್ಬಳಿಗೆ ಹೆರಿಗೆ ನೋವು. ನಮ್ಮ ಸೂಲಗಿತ್ತಿ ಬಂಗಾರಮ್ಮ ಈಚೆ ದಂಡೆಯಲ್ಲಿ ಸೀರೆ ಸೆರಗು ಕಟ್ಟಿಕೊಂಡು ಸಂಜೆಯವರೆಗೂ ನಿಂತಿದ್ದಳು. ದಾಟಲಾಗಲಿಲ್ಲ. ತಾಯಿ, ಮಗು ಇಬ್ಬರೂ ಹೋದರು. ಆಮೇಲೆ ಊರವರೆಲ್ಲ ಸೇರಿ ಅರ್ಜಿ ಬರೆದರು, ಸರ್ಕಾರದಿಂದ ಮಂಜೂರಾತಿ ಬಂತು. ಕುಪ್ಪಗಡ್ಡೆಯ ಗಣಪಯ್ಯನವರು ದೋಣಿ ಸಮಿತಿಯ ಅಧ್ಯಕ್ಷರು. ನಾನು ಗೇಣಿಗೆ ಮಾಡುವ ಗದ್ದೆ, ನನ್ನ ಮನೆ ನಿಂತ ಜಾಗ ಎರಡೂ ಅವರದೇ ಎಂದು ನಿನಗೆ ಗೊತ್ತು.

ಮೋಟಾರು ಯಾವುದು ಎಂದು ಸಭೆಯಲ್ಲಿ ಕೇಳಿದರು. "ಶಿಕಾರಿಪುರದ ಗೋಪಾಲಣ್ಣ ಹೇಳಿದ್ದೇ ಸೈ" ಅಂದೆ. ಎಲ್ಲರೂ ಒಪ್ಪಿದರು. ಬೇಗ ಬರೆ.

ನಿನ್ನ ಶೇಷಪ್ಪ


ಶಿಕಾರಿಪುರ
9 ಡಿಸೆಂಬರ್ 1957

ಪ್ರೀತಿಯ ಶೇಷ,

ನಿನ್ನ ಕಾಗದವನ್ನು ಮೂಕಮ್ಮನಿಗೆ ಎರಡು ಸಲ ಓದಿ ಹೇಳಿದೆ. "ಈ ಮನುಷ್ಯಂಗ ಹತ್ತು ವರ್ಷ ಕಡಿಮಿ ಆತು ನೋಡ್ರಿ" ಎಂದು ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಾಳೆ.

ಈಗ ಕೆಲಸದ ಮಾತು. ಮೋಟಾರು ಯಾವುದು ಎಂದು ನನ್ನನ್ನು ಕೇಳುವ ಮೊದಲು ದೋಣಿಯ ತೂಕ ಎಷ್ಟು ಎಂದು ನಿನ್ನನ್ನು ಕೇಳಬೇಕು. ಜನ ತಿಳಿದಿರುವುದು ಉಲ್ಟಾ. ಶಕ್ತಿ ಹೆಚ್ಚಿನ ಮೋಟಾರು ಹಾಕಿದರೆ ಎಂಥ ದೋಣಿಯಾದರೂ ಓಡುತ್ತದೆ ಎನ್ನುತ್ತಾರೆ. ದೋಣಿ ಭಾರವಾದರೆ ನೀರೊಳಗೆ ಇಳಿಯುತ್ತದೆ. ಎಷ್ಟು ಇಳಿದರೆ ಅಷ್ಟು ನೀರನ್ನು ಪಕ್ಕಕ್ಕೆ ತಳ್ಳಿಕೊಂಡೇ ಮುಂದೆ ಹೋಗಬೇಕು. ಅದಕ್ಕೆ ದೊಡ್ಡ ಮೋಟಾರು ಬೇಕು. ದೊಡ್ಡ ಮೋಟಾರೇ ಒಂದು ಭಾರ, ಅದು ಕುಡಿಯುವ ಪೆಟ್ರೋಲು ಇನ್ನೊಂದು ಭಾರ. ಹಿಂಬದಿ ಕುಸಿಯುತ್ತದೆ, ಮೂತಿ ಮೇಲೇಳುತ್ತದೆ. ಆದ್ದರಿಂದ ದೋಣಿ ಹಗುರವಾಗಿರಲಿ, ಮೋಟಾರು ಸಣ್ಣದಿರಲಿ.

ಇಪ್ಪತ್ತೆರಡು ಅಡಿ ಉದ್ದ, ಐದು ಅಡಿ ಅಗಲ. ಒಣಗಿದ ಹೆಬ್ಬಲಸಿನ ಹಲಗೆ, ಮುಕ್ಕಾಲು ಇಂಚು ದಪ್ಪ. ಖಾಲಿ ದೋಣಿ ಒಂಬೈನೂರು ಪೌಂಡಿನ ಮೇಲೆ ಹೋಗಬಾರದು. ಹನ್ನೆರಡು ಜನ ಕೂತರೂ ಐದು ಹಾರ್ಸ್‌ನ ಮೋಟಾರು ಅದನ್ನು ಗಂಟೆಗೆ ಆರು ಮೈಲು ತಳ್ಳುತ್ತದೆ. ಪ್ರವಾಹದಲ್ಲಿ ನಿಮ್ಮ ಹೊಳೆಯ ಸೆಳೆತ ನಾಲ್ಕು ಮೈಲು ಎಂದು ಹಿಂದೊಮ್ಮೆ ನೀನೇ ಅಂದಿದ್ದೆ. ಆರರಲ್ಲಿ ನಾಲ್ಕು ಕಳೆದರೆ ಎರಡು. ಆ ಎರಡು ಮೈಲಿನ ಮೇಲೆ ಹನ್ನೆರಡು ಜನರ ಜೀವ ಕೂತಿರುತ್ತದೆ ಶೇಷ. ಅದನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡ.

ಗೋಪಾಲಪ್ಪ


ಕುಬಟೂರು
11 ಜನವರಿ 1958

ಗೋಪಾಲಣ್ಣ,

ಹೆಬ್ಬಲಸು ಸಿಕ್ಕಿತು. ಡಿಪೋದಲ್ಲಿ ಎರಡು ವರ್ಷ ಒಣಗಿದ ದಿಮ್ಮಿ. ಕೊಯ್ಯಿಸಿ ಹಲಗೆ ಮಾಡಿಸಿದ್ದೇನೆ. ಹೊಂಬಣ್ಣ, ಒಂದು ಗಂಟಿಲ್ಲ, ಒಂದು ಬಿರುಕಿಲ್ಲ. ಬೆರಳಲ್ಲಿ ತಟ್ಟಿದರೆ ಮದ್ದಳೆಯ ಹಾಗೆ ನುಡಿಯುತ್ತದೆ. ಗಾಡಿಯಿಂದ ಇಳಿಸುವಾಗ ಒಂದೊಂದು ಹಲಗೆಯನ್ನೂ ನಾನೊಬ್ಬನೇ ಹೆಗಲ ಮೇಲೆ ಹೊತ್ತೆ. ಗುತ್ಯಮ್ಮ ಬಂದು ನೋಡಿ, "ಇದ್ರಲ್ಲಿ ನಮ್ಮನೆಗೊಂದು ಮಣೆನಾದ್ರೂ ಮಾಡ್ಬಾರ್ದಾ ಮಾರಾಯ್ರೆ" ಅಂದಳು. ದೋಣಿಯದು ದೋಣಿಗೇ ಎಂದು ಗದರಿದೆ.

ಗಣಪಯ್ಯನವರೂ ಬಂದು ನೋಡಿದರು. ಬಹಳ ಹೊತ್ತು ಹಲಗೆಗಳ ಮೇಲೆ ಕೈಯಾಡಿಸುತ್ತಾ ನಿಂತಿದ್ದರು. ಸಂಕ್ರಾಂತಿ ಕಳೆದ ಮೇಲೆ ಕೆಲಸ ಶುರು.

ಶೇಷಪ್ಪ


ಶಿಕಾರಿಪುರ
3 ಮಾರ್ಚ್ 1958

ಪ್ರೀತಿಯ ಶೇಷ,

ಎರಡು ತಿಂಗಳಿಂದ ನಿನ್ನ ಸುದ್ದಿಯಿಲ್ಲ. ಕೆಲಸದಲ್ಲಿ ಮುಳುಗಿದ್ದೀಯ ಎಂದುಕೊಂಡಿದ್ದೇನೆ.

ಮಂಗಳೂರಿನ ವ್ಯಾಪಾರಿಗೆ ಬರೆದಿದ್ದೆ. ಅವರ ಬಳಿ ಐದು ಹಾರ್ಸ್‌ನದೂ ಇದೆ, ಎಂಟರದೂ ಇದೆ. ಐದರದು ಅರವತ್ತು ಪೌಂಡು ತೂಗುತ್ತದೆ, ಒಬ್ಬ ಹೊತ್ತು ತಂದು ಸಿಕ್ಕಿಸಬಹುದು. ಎಂಟರದು ನೂರರ ಹತ್ತಿರ. ಈ ತಿಂಗಳ ಕೊನೆಗೆ ನಾನು ಯಾವುದು ಎಂದು ತಿಳಿಸಬೇಕು. ಒಮ್ಮೆ ತರಿಸಿದರೆ ಬದಲಾಯಿಸುವ ಹಾಗಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಖಾಲಿ ದೋಣಿಯ ತೂಕ ನಿಜವಾಗಿ ಎಷ್ಟು ಬಂತು? ಅಂದಾಜು ಬೇಡ. ಎಂಟು ಆಳು ಸುತ್ತ ನಿಂತು ಎತ್ತಲಿ. ಸಲೀಸಾಗಿ ಎದ್ದರೆ ಒಂಬೈನೂರರ ಒಳಗಿದೆ ಎಂದೇ ಲೆಕ್ಕ. ಹೆಚ್ಚಾಗಿದ್ದರೆ ನಾಚಿಕೊಳ್ಳಬೇಡ, ಮರದ ಕೆಲಸದಲ್ಲಿ ಹೆಚ್ಚುಕಡಿಮೆ ಆಗುವುದೇ. ಈಗಲೇ ಹೇಳು, ಎಂಟರದನ್ನೇ ತರಿಸಿ ಹಿಂಬದಿಗೆ ಬಲ ಕೊಡೋಣ.

ಗೋಪಾಲಪ್ಪ


ಕುಬಟೂರು
27 ಮಾರ್ಚ್ 1958

ಗೋಪಾಲಣ್ಣ,

ಒಂಬೈನೂರು ಪೌಂಡು. ಐದರದೇ ಸಾಕು. ಗುತ್ಯಮ್ಮನಿಗೆ ಜ್ವರ, ಹೆಚ್ಚು ಬರೆಯಲು ಆಗುತ್ತಿಲ್ಲ.

ಶೇಷಪ್ಪ


ಶಿಕಾರಿಪುರ
21 ಮೇ 1958

ಪ್ರೀತಿಯ ಶೇಷ,

ನಿನ್ನೆ ಊರು ಸೇರಿದೆ. ಮೈತುಂಬ ಪೆಟ್ರೋಲು ವಾಸನೆ, ಮೂಕಮ್ಮ ಹೊರಗೇ ನೀರು ಕಾಸಿ ಕೊಟ್ಟಳು. ಎಷ್ಟು ವರ್ಷಗಳ ಮೇಲೆ ಕೈಯಲ್ಲಿ ಚುಕ್ಕಾಣಿ ಹಿಡಿದೆ! ಮೋಟಾರು ಹಾಕಿದ ಮೊದಲ ದಿನವೇ ಬಂಗಾರಮ್ಮ ಬಂದು ಮುಂದೆಯೇ ಕೂತುಬಿಟ್ಟಳಲ್ಲ. "ಈ ದೋಣಿ ನಂಗೇ ಮಾಡ್ಸಿದ್ದು ಕಣಪ್ಪಾ, ಉಳಿದೋರೆಲ್ಲ ನನ್ ಹಿಂದೆ ಕೂರ್ರಿ" ಎಂದು ಅವಳು ಹೇಳಿದಾಗ ಇಡೀ ದಂಡೆಯೇ ನಕ್ಕಿತು.

ಅಂಬಿಗರ ಹನುಮಂತಪ್ಪ ಚುರುಕು. ಮೂರೇ ದಿನದಲ್ಲಿ ಮೋಟಾರು ಚಾಲೂ ಮಾಡುವುದು, ನಿಲ್ಲಿಸುವುದು, ಎಣ್ಣೆ ಬೆರೆಸುವುದು ಎಲ್ಲ ಕಲಿತ. ಮಳೆಗಾಲದಲ್ಲಿ ಹನ್ನೆರಡರ ಮೇಲೆ ಒಬ್ಬರನ್ನೂ ಹತ್ತಿಸಬೇಡ ಎಂದು ಅವನಿಂದ ಪ್ರಮಾಣ ಮಾಡಿಸಿಕೊಂಡಿದ್ದೇನೆ.

ನನ್ನ ಕಣ್ಣಿಗೆ ದೋಣಿ ನೀರಲ್ಲಿ ಸ್ವಲ್ಪ ತಗ್ಗಿ ಕೂತ ಹಾಗೆ ಕಂಡಿತ್ತು. ಸಂದು ಬಿಗಿಯಲಿ ಎಂದು ಹತ್ತು ದಿನ ನೀರು ತುಂಬಿಸಿಟ್ಟಿದ್ದೆ, ಮರ ನೀರು ಕುಡಿದಿದೆ, ಆಮೇಲೆ ಸರಿಹೋಗುತ್ತದೆ ಎಂದು ನೀನು ಹೇಳಿದೆ. ಇರಬಹುದು. ಬೇಸಿಗೆಯ ನಿಂತ ನೀರು, ನಾವು ಐದೇ ಜನ, ಚೆನ್ನಾಗಿಯೇ ಓಡಿತು. ಒಳಗೂ ಹೊರಗೂ ಡಾಂಬರು ಬಳಿದು, ಅಂಚಿಗೆಲ್ಲ ಪಟ್ಟಿ ಹೊಡೆದಿದ್ದೀಯ. ಅಷ್ಟು ಮುತುವರ್ಜಿ ಬಾಸ್ರಾದಲ್ಲೂ ನೋಡಿರಲಿಲ್ಲ.

ಆದರೆ ನೀನು ಯಾಕೋ ದೋಣಿ ಹತ್ತಲೇ ಇಲ್ಲ. ಎರಡು ಸಲ ಕರೆದೆ. ನೀನು ದಂಡೆಯಲ್ಲೇ ನಿಂತೆ. ಗುತ್ಯಮ್ಮನ ಜ್ವರ ಪೂರ್ತಿ ಬಿಟ್ಟಿತೇ?

ಗೋಪಾಲಪ್ಪ


ಕುಬಟೂರು
24 ಜುಲೈ 1958

ಗೋಪಾಲಣ್ಣ,

ಕೆಟ್ಟ ಸುದ್ದಿ. ಕಳೆದ ಶನಿವಾರ ದೋಣಿ ಮಗುಚಿತು.

ಹೊಳೆ ತುಂಬಿ ಬಂದಿತ್ತು. ಹನುಮಂತಪ್ಪನೂ ಸೇರಿ ಹನ್ನೆರಡೇ ಜನ ಇದ್ದರು, ಹದಿಮೂರನೆಯವನನ್ನು ಅವನೇ ಕೈ ಹಿಡಿದು ಇಳಿಸಿದ್ದ. ನಡುಹೊಳೆಯವರೆಗೆ ಸರಿಯಾಗಿ ಹೋಯಿತು. ಅಲ್ಲಿ ನಿಂತುಬಿಟ್ಟಿತು. ಮೋಟಾರು ಕಿರುಚುತ್ತಿದೆ, ನೀರು ಚಿಮ್ಮುತ್ತಿದೆ, ದೋಣಿ ಮಾತ್ರ ಇದ್ದಲ್ಲೇ ಇದೆ. ದಂಡೆಯಲ್ಲಿದ್ದ ನಮಗೆಲ್ಲ ಕಾಣುತ್ತಿತ್ತು. ಆಮೇಲೆ ನಿಧಾನಕ್ಕೆ ಹಿಂದೆ ಜಾರತೊಡಗಿತು. ಮೇಲಿನಿಂದ ತೇಲಿ ಬಂದ ಮರ ಪಕ್ಕಕ್ಕೆ ಬಡಿಯಿತು.

ಹನ್ನೊಂದು ಜನ ಬಿದಿರು ಮೆಳೆ ಹಿಡಿದು ಬದುಕಿದರು. ಹನುಮಂತಪ್ಪನ ಕಾಲು ಮುರಿದಿದೆ. ಬಂಗಾರಮ್ಮ ಮೂರನೆಯ ದಿನ ಸಿಕ್ಕಳು. ಆಚೆ ಊರಿಗೆ ಹೆರಿಗೆಗೇ ಹೊರಟಿದ್ದಳು. ನನ್ನ ನಾಲ್ಕು ಮಕ್ಕಳನ್ನೂ ಹಿಡಿದು ಎತ್ತಿದ ಕೈ ಅದು.

ಮೋಟಾರಿಗೆ ಬಲ ಸಾಲಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದಾರೆ. ನನಗೆ ಏನೂ ತೋಚುತ್ತಿಲ್ಲ.

ಶೇಷಪ್ಪ


ಶಿಕಾರಿಪುರ
29 ಜುಲೈ 1958

ಶೇಷ,

ನಿನ್ನ ಕಾಗದ ಬಂದಾಗಿನಿಂದ ನಾನು ರಿಪೇರಿ ಶೆಡ್ಡಿನ ಬಾಗಿಲು ತೆಗೆದಿಲ್ಲ.

ಲೆಕ್ಕವನ್ನು ಮತ್ತೆ ಮತ್ತೆ ಹಾಕಿ ನೋಡಿದೆ. ಒಂಬೈನೂರು ದೋಣಿ. ಹನ್ನೆರಡು ಜನ, ತಲೆಗೆ ನೂರಿಪ್ಪತ್ತು ಹಿಡಿದರೂ ಹದಿನಾಲ್ಕು ನೂರ ನಲವತ್ತು. ಮೋಟಾರು, ಪೆಟ್ರೋಲು ಸೇರಿ ನೂರು. ಎಲ್ಲ ಕೂಡಿ ಎರಡೂವರೆ ಸಾವಿರದ ಒಳಗೆ. ಐದು ಹಾರ್ಸ್ ಸಾಕಾಗಬೇಕಿತ್ತು. ಸಾಕಾಗಲಿಲ್ಲ ಎಂದಮೇಲೆ ತಪ್ಪು ನನ್ನದೇ. ಮೋಟಾರಿನ ಪಂಖದ ಅಳತೆ ತಪ್ಪಿರಬೇಕು, ಇಲ್ಲವೇ ಸೆಳೆತವನ್ನು ನಾನೇ ನಿಂತು ಅಳೆಯಬೇಕಿತ್ತು. ನಿನ್ನ ಬಾಯಿಮಾತಿನ ಮೇಲೆ ನಾಲ್ಕು ಮೈಲು ಎಂದು ಹಿಡಿದೆ. ನೀನು ಬಡಗಿ, ನಿನಗೇಕೆ ಆ ಹೊರೆ ಹೊರಿಸಿದೆ? ಎಂಟರದು ತರಿಸಿದ್ದರೆ ಬಂಗಾರಮ್ಮ ಇರುತ್ತಿದ್ದಳು.

ನೀನು ಅಂಥ ಒಳ್ಳೆಯ ದೋಣಿ ಕಟ್ಟಿದ್ದೆ. ನನ್ನ ಮೋಟಾರು ಅದನ್ನು ಮುಳುಗಿಸಿತು. ನಿನ್ನ ಹೆಸರಿಗೂ ಮಸಿ ಬಳಿದೆ. ನನ್ನನ್ನು ಕ್ಷಮಿಸು ಶೇಷ. ಬಂಗಾರಮ್ಮನ ಮನೆಯವರ ಮುಂದೆ ಹೋಗಿ ನಿಲ್ಲುವ ಧೈರ್ಯ ಇನ್ನೂ ಬಂದಿಲ್ಲ, ಬಂದ ದಿನ ಹೊರಡುತ್ತೇನೆ.

ಗೋಪಾಲಪ್ಪ


ಶಿಕಾರಿಪುರ
18 ಆಗಸ್ಟ್ 1958

ಶೇಷ,

ನನಗೆ ನೋಟೀಸು ಬಂದಿದೆ. ಅಕ್ಟೋಬರಿನಲ್ಲಿ ಆನವಟ್ಟಿಯಲ್ಲಿ ವಿಚಾರಣೆ. "ದೋಣಿಯನ್ನು ಹೇಳಿದ ಮಾದರಿಯಂತೆಯೇ ಕಟ್ಟಲಾಗಿದೆ, ಮೋಟಾರಿನ ಆಯ್ಕೆ ಸರಿಯಿರಲಿಲ್ಲ" ಎಂದು ಸಮಿತಿ ಹೇಳಿಕೆ ಕೊಟ್ಟಿದೆಯಂತೆ. ಕೆಳಗೆ ಗಣಪಯ್ಯನವರ ರುಜು, ಅದರ ಕೆಳಗೆ ನಿನ್ನದು.

ಅದು ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ರುಜು ಹಾಕುವ ಮೊದಲು ನನಗೊಂದು ಕಾರ್ಡು ಬರೆಯಬಹುದಿತ್ತು. ಇಲ್ಲಿ ಇಬ್ಬರು ತಮ್ಮ ಗಿರಣಿಯ ಎಂಜಿನ್ನನ್ನು ಬೇರೆ ಕಡೆಗೆ ಒಯ್ದರು. "ಹೆಂಗಸಿನ ಜೀವ ತಿಂದ ಕೈ" ಎಂದು ಒಬ್ಬ ನನ್ನ ಎದುರಿಗೇ ಅಂದ. ಮೂಕಮ್ಮ ಬಾವಿಗೆ ಹೋಗುವುದನ್ನು ಬಿಟ್ಟಿದ್ದಾಳೆ.

ಒಂದು ಸಾಲು ಬರೆ.

ಗೋಪಾಲಪ್ಪ


ಕುಬಟೂರು
30 ಆಗಸ್ಟ್ 1958

ಗೋಪಾಲಣ್ಣ,

ಆದದ್ದು ಆಗಿಹೋಯಿತು. ವಿಧಿ ಎಂದುಕೊಳ್ಳಬೇಕು. ನೀನು ಬೇಕೆಂದು ಮಾಡಿದ್ದಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೇನೆ. ನನಗೆ ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನನ್ನು ಕ್ಷಮಿಸಿದ್ದೇನೆ.

ಇಲ್ಲಿಗೆ ಬರಬೇಡ. ಜನ ಇನ್ನೂ ಬಿಸಿಯಾಗಿದ್ದಾರೆ.

ಶೇಷಪ್ಪ


ಶಿಕಾರಿಪುರ
15 ಸೆಪ್ಟೆಂಬರ್ 1958

ಶೇಷಪ್ಪ,

ಬರಬೇಡ ಎಂದು ನೀನು ಬರೆದಿದ್ದೆ. ನಾನು ಬಂದಿದ್ದೆ.

ಬಂಗಾರಮ್ಮನ ಮನೆಯ ಅಂಗಳದಲ್ಲಿ ನಿಂತು, ಮೋಟಾರು ಆರಿಸಿದವನು ನಾನೇ ಎಂದು ಹೇಳಿ ಕೈ ಮುಗಿದೆ. ಅವಳ ತಂಗಿ ಮಾಸ್ತಮ್ಮ ಬೈಯಲಿಲ್ಲ. ಕೂರಲು ಚಾಪೆ ಹಾಕಿ, "ಹೊಳೆ ತಗ್ಗಿದೆ, ದೋಣಿ ಮೆಳೆಯಲ್ಲೇ ಸಿಕ್ಕೊಂಡಿದೆ. ನೋಡ್ಬೇಕಾದ್ರೆ ನೋಡ್ಕೊಂಡು ಹೋಗಿ" ಅಂದಳು. ಹೋದೆ. ಹನುಮಂತಪ್ಪ ಕೋಲೂರಿಕೊಂಡು ಜೊತೆಗೆ ಬಂದ.

ಪಂಖ ನೋಡಲು ಬಗ್ಗಿದೆ. ಪಂಖ ಸರಿಯಿತ್ತು. ಮರ ಬಡಿದ ಕಡೆ ಹಲಗೆ ಸೀಳಿ, ಡಾಂಬರು ಎದ್ದು ಬಂದಿತ್ತು. ಒಳಗೆ ಹೊಂಬಣ್ಣ ಇರಲಿಲ್ಲ. ಚಾಕುವಿನಿಂದ ಕೆರೆದೆ. ಕಂದು ಬಣ್ಣದ ಭಾರದ ಮರ, ಮತ್ತಿ. ಅಂಚಿನ ಪಟ್ಟಿ ಕಿತ್ತು ಅಳತೆ ಹಿಡಿದೆ. ಮುಕ್ಕಾಲು ಇಂಚಲ್ಲ, ಒಂದೂಕಾಲು. ಗೇಣುದ್ದದ ಒಂದು ತುಂಡು ಸೀಳಿ ನೀರಿಗೆ ಬಿಟ್ಟೆ. ಕಲ್ಲಿನ ಹಾಗೆ ತಳಕ್ಕೆ ಹೋಯಿತು. ಒಣಗಿಸದ ಹಸಿ ಮರ.

ಹನುಮಂತಪ್ಪ ಹೇಳಿದ: "ಅಣ್ಣಾ, ನೀವು ಬರೋಕೆ ಮೊದ್ಲೇ ಇದನ್ನ ನೀರಿಗಿಳ್ಸಿದ್ವಲ್ಲ, ಆವತ್ತು ಎಂಟು ಜನ ಎತ್ತೋಕೆ ಹೋದ್ವಿ, ಅಲ್ಲಾಡ್ಲಿಲ್ಲ. ಹದಿನಾರು ಜನ ಬೇಕಾಯ್ತು. ಇಷ್ಟು ಭಾರ ಯಾಕೆ ಅಂತ ಶೇಷಪ್ಪನ್ನ ಕೇಳ್ದೆ."

"ಏನಂದ?"

"ಗೋಪಾಲಣ್ಣಂಗೆ ಎಲ್ಲಾ ಗೊತ್ತಿದೆ, ಅವ್ರು ಒಪ್ಪೇ ಮೋಟಾರು ಕಳ್ಸಿದಾರೆ ಅಂದ."

ಅಲ್ಲೇ ಮರಳ ಮೇಲೆ ಬೆರಳಲ್ಲಿ ಲೆಕ್ಕ ಹಾಕಿದೆ ಶೇಷಪ್ಪ. ಹದಿನಾರು ಜನ ಎತ್ತಬೇಕಾದ ದೋಣಿ ಹದಿನೇಳು ನೂರು ಪೌಂಡಿಗೆ ಕಡಿಮೆ ಇರುವುದಿಲ್ಲ. ನನ್ನ ಎರಡು ಮೈಲು ಎಲ್ಲಿ ಹೋಯಿತು ಎಂದು ಎರಡು ತಿಂಗಳು ನನ್ನ ಲೆಕ್ಕದಲ್ಲೇ ಹುಡುಕುತ್ತಿದ್ದೆ.

ನಿನ್ನ ಮನೆಗೂ ಬಂದಿದ್ದೆ. ನೀನಿರಲಿಲ್ಲ. ಗುತ್ಯಮ್ಮ ಬಾಯಾರಿಕೆಗೆ ಮಜ್ಜಿಗೆ ಕೊಟ್ಟಳು. "ಅವ್ರು ಗಣಪಯ್ಯನೋರ ಹೊಸಮನೆ ಕೆಲಸಕ್ಕೆ ಹೋಗಿದಾರೆ ಅಣ್ಣಾ. ಮಾಳಿಗೆಗೆ ಹಲಗೆ ಹೊಡೀತಿದಾರೆ. ಹೆಬ್ಬಲಸಂತೆ, ನೋಡೋಕೆ ಎಷ್ಟು ಚೆಂದ ಇದೆ ಗೊತ್ತಾ" ಅಂದಳು. ಅವಳಿಗೆ ಏನೂ ತಿಳಿಯದು. ನಾನೂ ಹೇಳಲಿಲ್ಲ.

ಮರ ಬದಲಾಯಿತು, ಇರಲಿ. ಗಣಪಯ್ಯನ ಎದುರು ನೀನು ಸೋತೆ, ಅದೂ ಇರಲಿ. ಮಾರ್ಚಿನಲ್ಲಿ ನಾನು ಕೇಳಿದ್ದೆ. ಹೆಚ್ಚಾಗಿದ್ದರೆ ನಾಚಿಕೊಳ್ಳಬೇಡ, ಈಗಲೇ ಹೇಳು ಎಂದು ಬರೆದಿದ್ದೆ. ಎಂಟರದು ತರಿಸಲು ಇನ್ನೂ ದಿನವಿತ್ತು. ಮೇ ತಿಂಗಳಲ್ಲಿ ಮೂರು ದಿನ ನಿನ್ನ ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ನೀನು ನನ್ನಿಂದ ಕ್ಷಮೆ ಕೇಳಿಸಿಕೊಂಡೆ. ಕೇಳಿಸಿಕೊಂಡು, ಕ್ಷಮಿಸಿದ್ದೇನೆ ಎಂದು ಬರೆದೆ. ಯಾವ ಕೈಯಿಂದ ಬರೆದೆ?

ಗೋಪಾಲಪ್ಪ


ಕುಬಟೂರು
26 ಸೆಪ್ಟೆಂಬರ್ 1958

ಗೋಪಾಲಣ್ಣ,

ನೀನು ಕಂಡದ್ದೆಲ್ಲ ನಿಜ.

ಸಂಕ್ರಾಂತಿ ಕಳೆದು ಕೆಲಸ ಶುರು ಮಾಡುವ ಮೊದಲೇ ಗಣಪಯ್ಯನವರು ನನ್ನನ್ನು ಕರೆಸಿ, "ಆ ಹಲಗೆ ನಮ್ಮ ಹೊಸಮನೆ ಮಾಳಿಗೆಗೆ ಬೇಕು, ದೋಣಿಗೆ ನಮ್ಮ ಕಾಡಿನ ಮತ್ತಿ ಕಡಿಸಿ ಕೊಡ್ತೀನಿ" ಅಂದರು. ಮತ್ತಿ ಭಾರವಾಗುತ್ತದೆ ಎಂದೆ. "ದೋಣಿ ಭಾರ ಇದ್ರೆ ಗಟ್ಟಿ ಇರುತ್ತೋ ಶೇಷಪ್ಪ. ಅಂದ ಹಾಗೆ ನಿನ್ನ ಗದ್ದೆ ಕೇಳ್ಕೊಂಡು ಬೇರೆಯವರೂ ಬರ್ತಿದಾರೆ" ಅಂದರು. ದನಿ ಸಹ ಎತ್ತಲಿಲ್ಲ. ಹಸಿ ಮರವನ್ನು ತೆಳ್ಳಗೆ ಕೊಯ್ದರೆ ಬಾಗುತ್ತದೆ, ಸೀಳುತ್ತದೆ. ಅದಕ್ಕೇ ದಪ್ಪ ಇಟ್ಟೆ. ಗುರುತು ಸಿಗಬಾರದೆಂದು ಡಾಂಬರು ಬಳಿದೆ.

ನಿನ್ನ ಮಾರ್ಚಿನ ಕಾಗದ ಬಂದಾಗ ಮೂರು ವಾರ ಇಟ್ಟುಕೊಂಡು ಕೂತಿದ್ದೆ. ಹದಿನೇಳು ನೂರು ಎಂದು ಒಮ್ಮೆ ಬರೆದೆ, ಹರಿದೆ. ಎಂಟರ ಮೋಟಾರು ಬೇಕೆಂದು ನೀನು ಸಮಿತಿಗೆ ಬರೆದರೆ ಯಾಕೆ ಎಂಬ ಪ್ರಶ್ನೆ ಏಳುತ್ತದೆ, ಮರ ಯಾವುದು ಎಂಬ ಮಾತು ಹೊರಗೆ ಬರುತ್ತದೆ. ನಮ್ಮ ಹೊಳೆ ಯಾವತ್ತೋ ಒಂದು ದಿನ ಅಷ್ಟು ಸೆಳೆಯುತ್ತದೆ, ಆ ದಿನ ಹನುಮಂತಪ್ಪ ದೋಣಿ ಬಿಡುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅವನು ನಿನ್ನ ಲೆಕ್ಕವನ್ನು ನಂಬಿ ದೋಣಿ ಬಿಟ್ಟ.

ವಿಚಾರಣೆಯ ದಿನ ನಾನೇ ಎದ್ದು ನಿಂತು ಎಲ್ಲವನ್ನೂ ಹೇಳುತ್ತೇನೆ. ಮಕ್ಕಳ ಆಣೆ. ಅಲ್ಲಿಯವರೆಗೆ ನೀನು ಬಾಯಿ ಬಿಡಬೇಡ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಶೇಷಪ್ಪ


ಶಿಕಾರಿಪುರ
12 ಅಕ್ಟೋಬರ್ 1958

ಶೇಷಪ್ಪ,

ಎಂಟನೆಯ ತಾರೀಖು ಆನವಟ್ಟಿಯಲ್ಲಿ ನೀನೂ ಇದ್ದೆ. ಆದರೂ ಬರೆಯುತ್ತಿದ್ದೇನೆ. ನಾನು ನಿಂತಿದ್ದ ಜಾಗದಿಂದ ಅದು ಹೇಗೆ ಕಂಡಿತು ಎಂದು ನಿನಗೆ ಗೊತ್ತಾಗಬೇಕು.

ನನ್ನ ಅಂಗಿಯ ಜೇಬಿನಲ್ಲಿ ನಿನ್ನ ಕಾಗದ, ಕೈಚೀಲದಲ್ಲಿ ಮತ್ತಿಯ ತುಂಡು. ಎರಡನ್ನೂ ತೆಗೆಯುವುದು ಬೇಡ, ಶೇಷ ತಾನೇ ಹೇಳುತ್ತೇನೆ ಎಂದಿದ್ದಾನೆ ಎಂದುಕೊಂಡು ನಿಂತಿದ್ದೆ. ವಿಚಾರಣೆಗೆ ಬಂದ ಸಾಹೇಬರು ನಿನ್ನ ಹೆಸರು ಕರೆದರು. ನೀನು ಗಣಪಯ್ಯನ ಬೆನ್ನ ಹಿಂದಿನಿಂದ ಎದ್ದು ಬಂದೆ. ನನ್ನನ್ನು ದಾಟುವಾಗ ನಿನ್ನ ತೋಳು ನನ್ನ ತೋಳಿಗೆ ತಗುಲಿತು.

"ದೋಣಿ ಹೇಳಿದ ಮರದಲ್ಲೇ ಕಟ್ಟಿದ್ದೀಯೇನಪ್ಪಾ?" ಎಂದರು ಸಾಹೇಬರು.

"ಹೌದು ಸ್ವಾಮಿ."

"ತೂಕ?"

"ಒಂಬೈನೂರು ಪೌಂಡು ಸ್ವಾಮಿ. ಮೋಟಾರೇ ಸಣ್ಣದಾಯ್ತು."

ಆಮೇಲೆ ನನ್ನ ಕಡೆ ತಿರುಗಿ, "ನೀವೇನಾದರೂ ಹೇಳುವುದಿದೆಯೇ?" ಎಂದು ಕೇಳಿದರು. ಇಲ್ಲ ಎಂದೆ. ಏಕೆ ಹಾಗೆಂದೆ ಎಂದು ನನಗೇ ಗೊತ್ತಾಗುತ್ತಿಲ್ಲ. ಗುತ್ಯಮ್ಮ, ಮಕ್ಕಳು ಬೀದಿಗೆ ಬೀಳುತ್ತಾರೆ ಎಂದು ಬಾಯಿ ಕಟ್ಟಿತು ಎಂದರೆ ನಾನು ದೊಡ್ಡವನಾಗುತ್ತೇನೆ. ಅದು ಪೂರ್ತಿ ನಿಜವಲ್ಲ. ನಿನ್ನ ದನಿ ಒಂದಿಷ್ಟೂ ನಡುಗಲಿಲ್ಲವಲ್ಲ, ಅದನ್ನು ಕೇಳಿ ನನ್ನ ಮಾತು ನಿಂತುಹೋಯಿತು.

ಮೋಟಾರಿನ ಆಯ್ಕೆಯಲ್ಲಿ ತಪ್ಪಾಗಿದೆ ಎಂದು ಬರೆದುಕೊಂಡರು. ಸರ್ಕಾರಿ ಪಂಪುಗಳ ಕೆಲಸ ಇನ್ನು ನನಗಿಲ್ಲ. ಮಾಸ್ತಮ್ಮ ಅಲ್ಲೇ ಕಂಬಕ್ಕೆ ಒರಗಿ ನಿಂತಿದ್ದಳು. ಅವಳ ಮುಖ ನೋಡದೆ ಹೊರಗೆ ಬಂದೆ.

ಮನೆಗೆ ಬಂದು ಮೂಕಮ್ಮನಿಗೆ ಎಲ್ಲ ಹೇಳಿದೆ. "ಆ ಕಾಗದ ಈಗರ ಒಯ್ದು ಕೊಡ್ರಿ" ಎಂದು ಹಟ ಹಿಡಿದಳು. ಕೊಡುವುದಿಲ್ಲ. ನಿನ್ನ ಕಾಗದವನ್ನು ಈ ಲಕೋಟೆಯಲ್ಲೇ ಇಟ್ಟು ಕಳಿಸುತ್ತಿದ್ದೇನೆ. ನಿನ್ನ ಅಕ್ಷರ ನನ್ನ ಮನೆಯಲ್ಲಿ ಇರುವುದು ಬೇಡ.

ಗೋಪಾಲಪ್ಪ


ಕುಬಟೂರು
16 ನವೆಂಬರ್ 1958

ಗೋಪಾಲಣ್ಣ,

ಹಾಗೆ ಕರೆಯುವ ಯೋಗ್ಯತೆ ನನಗಿಲ್ಲ. ಬೇರೆ ಹೇಗೆ ಕರೆಯಬೇಕೆಂದು ತಿಳಿಯದೆ ಬರೆದಿದ್ದೇನೆ.

ನಿನ್ನ ಲಕೋಟೆ ಬಂದ ದಿನ ನಾನು ಮನೆಯಲ್ಲಿರಲಿಲ್ಲ. ಹಿರಿಯ ಮಗಳು ಶಾಲೆಯಲ್ಲಿ ಓದು ಕಲಿತಿದ್ದಾಳೆ. ಅಮ್ಮನಿಗೆ ಓದಿ ಹೇಳಿದ್ದಾಳೆ, ಎರಡು ಕಾಗದವನ್ನೂ. ನಾನು ಬಂದಾಗ ಗುತ್ಯಮ್ಮ ಒಲೆ ಹಚ್ಚಿರಲಿಲ್ಲ.

"ಮಕ್ಕಳ ಆಣೆ ಇಟ್ಟಿದ್ರಾ?" ಎಂದು ಕೇಳಿದಳು.

ನಾನು ನೆಲದ ಮೇಲಿದ್ದ ಎರಡು ಕಾಗದವನ್ನೂ ಎತ್ತಿಕೊಂಡೆ.

"ಇವನ್ನು ಹಡೆಸಿದ್ದು ಬಂಗಾರಮ್ಮ" ಎಂದಳು. ಅಷ್ಟೇ. ಮಕ್ಕಳನ್ನು ಕರೆದುಕೊಂಡು ಮಾಸ್ತಮ್ಮನ ಮನೆಗೆ ಹೋದಳು. ಹೋಗಿ ಎಲ್ಲವನ್ನೂ ಅವಳ ಮುಂದೆ ಹೇಳಿದಳು. ನಾನು ಮಾಡಬೇಕಾದ್ದನ್ನು ಅವಳು ಮಾಡಿದಳು.

ಹನ್ನೆರಡು ದಿನ ಒಬ್ಬನೇ ಇದ್ದೆ. ಕೆಲಸಕ್ಕೆ ಹೋಗಿ ಆ ಮಾಳಿಗೆಯ ಹಲಗೆಯ ಮೇಲೆ ಕೂತು ಮೊಳೆ ಹೊಡೆಯುತ್ತಿದ್ದೆ. ಒಂದು ದಿನ ಗಣಪಯ್ಯನವರು ಕೆಳಗೆ ನಿಂತು, "ಕಡವಿಗೆ ಮತ್ತೆ ದೋಣಿ ಮಂಜೂರು ಮಾಡಿಸ್ತೀನಿ. ನೀನೇ ಕಟ್ಟು, ಮತ್ತಿನೇ ಇರಲಿ" ಅಂದರು. ಸುತ್ತಿಗೆ ಅಲ್ಲೇ ಇಟ್ಟು ಇಳಿದು ಬಂದೆ. ನೀನು ವಾಪಸು ಕಳಿಸಿದ ಕಾಗದ ತೆಗೆದುಕೊಂಡು ಆನವಟ್ಟಿಗೆ ನಡೆದೆ. ಸಾಹೇಬರ ಮೇಜಿನ ಮೇಲೆ ಇಟ್ಟೆ. ನನ್ನೆದುರಿಗೇ ಓದಿದರು. ಹೊಳೆಯ ದಂಡೆಗೂ, ಹೊಸಮನೆಗೂ ಬಂದು ಮರ ನೋಡಿದರು.

ಗಣಪಯ್ಯನವರ ಮೇಲೆ ಕೇಸು ಆಗಿದೆ, ಅಧ್ಯಕ್ಷತೆ ಹೋಯಿತು. ನನಗೂ ಏನು ಶಿಕ್ಷೆಯಾಗುತ್ತದೋ ಆಗಲಿ. ಗದ್ದೆ ಹೋಯಿತು, ಮನೆಯನ್ನೂ ಬಿಡಿಸಿದರು. ಈಗ ಕಡವಿನ ಬಳಿ ಹನುಮಂತಪ್ಪನ ಕೊಟ್ಟಿಗೆಯ ಪಕ್ಕದಲ್ಲಿ ಚಪ್ಪರ ಹಾಕಿಕೊಂಡಿದ್ದೇವೆ. ಗುತ್ಯಮ್ಮ ಬಂದಿದ್ದಾಳೆ, ಮಾತು ಇನ್ನೂ ಆಡುತ್ತಿಲ್ಲ. ನಿನ್ನ ಮೇಲಿನ ಆರೋಪ ತೆಗೆದುಹಾಕಿ ನಿನಗೆ ಕಾಗದ ಬರುತ್ತದೆ ಎಂದು ಸಾಹೇಬರು ಹೇಳಿದ್ದಾರೆ.

ಹೊಸ ದೋಣಿ ಆಗಲೇಬೇಕು ಎಂದು ಮಾಸ್ತಮ್ಮ ಊರವರನ್ನು ಕೂಡಿಸಿದ್ದಾಳೆ. ಸುತ್ತ ಹತ್ತು ಹಳ್ಳಿಯಲ್ಲಿ ದೋಣಿ ಕಟ್ಟುವವನು ಬೇರೆ ಇಲ್ಲ, ಇವನೇ ಕಟ್ಟಲಿ, ನಮ್ಮ ಕಣ್ಣೆದುರಿಗೇ ಕಟ್ಟಲಿ ಎಂದರು. ಮೋಟಾರು ಯಾವುದು ಎಂಬ ಮಾತು ಬಂದಾಗ ಎಲ್ಲರೂ ನಿನ್ನ ಹೆಸರನ್ನೇ ಹೇಳಿದರು. ನನಗೆ ತಲೆ ಎತ್ತಲಾಗಲಿಲ್ಲ. ನೀನು ಬಂದು ನನ್ನ ಮುಖಕ್ಕೆ ಉಗಿದರೂ ಸರಿ, ಒಮ್ಮೆ ಬಾ.

ಶೇಷಪ್ಪ


ಶಿಕಾರಿಪುರ
4 ಡಿಸೆಂಬರ್ 1958

ಶ್ರೀ ಶೇಷಪ್ಪನವರಿಗೆ,

ನಿಮ್ಮ ಪತ್ರ ತಲುಪಿತು. ಸರ್ಕಾರದ ಕಾಗದವೂ ಬಂದಿದೆ.

ಕಡವಿನ ದೋಣಿಗೆ ಮೋಟಾರು ಆರಿಸಿ ಕೊಡಲು ನನ್ನ ಒಪ್ಪಿಗೆ ಇದೆ. ಇದನ್ನು ಮಾಸ್ತಮ್ಮನವರಿಗೂ ಬೇರೆಯಾಗಿ ಬರೆದಿದ್ದೇನೆ. ಹಳೆಯ ಅಳತೆಯೇ ಇರಲಿ. ಉದ್ದ ಇಪ್ಪತ್ತೆರಡು ಅಡಿ, ಅಗಲ ಐದು ಅಡಿ, ಒಣಗಿದ ಹೆಬ್ಬಲಸು. ನಾನು ನೋಡುವವರೆಗೆ ಡಾಂಬರು ಬಳಿಯಕೂಡದು. ಹೊಳೆಯ ಸೆಳೆತವನ್ನು ಈ ಸಲ ಮಳೆಗಾಲದಲ್ಲಿ ನಾನೇ ಎರಡು ದಿನ ನಿಂತು ಅಳೆಯುತ್ತೇನೆ. ಅದಾದ ಮೇಲೆಯೇ ಐದರದೋ ಎಂಟರದೋ ಎಂದು ಹೇಳುತ್ತೇನೆ. ಅಲ್ಲಿಯವರೆಗೆ ಜನ ಹರಿಗೋಲಿನಲ್ಲೇ ದಾಟಲಿ.

ಬಂದಾಗ ಹನುಮಂತಪ್ಪನ ಮನೆಯಲ್ಲಿ ಉಳಿದುಕೊಳ್ಳುತ್ತೇನೆ. ಗುತ್ಯಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಮಕ್ಕಳಿಗೆ ಆಶೀರ್ವಾದ.

ದೋಣಿಯ ತೂಕವನ್ನು ಮಾತ್ರ ನೀವು ಬರೆದು ಕಳಿಸಬೇಡಿ. ನಾನೇ ಬಂದು ತೂಗಿಕೊಳ್ಳುತ್ತೇನೆ.

ಇಂತಿ,
ಗೋಪಾಲಪ್ಪ